ಬಸವನಹುಳುವಿನ ವರ್ಷದ ಕೋಟು

ಒಣಗಿದ ಬೆರಣಿಯ ಹೊಗೆ, ಅದರೊಳಗೆ ಮಾಚಿಪತ್ರೆಯ ಕಹಿ, ಜೊತೆಗೆ ಒದ್ದೆಯಾದ ಕುರಿಯುಣ್ಣೆಯ ವಾಸನೆ. ಈ ಮೂರೂ ಒಟ್ಟಿಗೆ ಮೂಗಿಗೆ ಬಂದರೆ ಸಾಕು, ಇವತ್ತಿಗೂ ನಾನು ಐದು ವರ್ಷದವಳಾಗಿ ತಾತನ ಗುಡಾರದ ಬಾಗಿಲಲ್ಲಿ ಕೂತಿರುತ್ತೇನೆ. ತಾತ ಸಂಜೆಯ ಚಹಾ ಮುಗಿಸಿ ಗುಡಾರದ ನೆತ್ತಿಯ ಕಂಡಿಯ ಕೆಳಗೆ ಅಂಗಾತ ಮಲಗುತ್ತಿದ್ದ. ಕೃತ್ತಿಕೆಯ ಆರೇಳು ಚುಕ್ಕಿಗಳ ಗೊಂಚಲನ್ನು ನಮ್ಮವರು ಉರ್ಕೆರ್ ಎನ್ನುತ್ತಾರೆ. ಆ ಗೊಂಚಲು ಕಂಡಿಯ ಈ ಅಂಚಿನಿಂದ ಆ ಅಂಚಿಗೆ ಹೋಗುವವರೆಗೆ ಅವನನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ಅವನು ಎಸೆಪ್ಶಿ, ಎಂದರೆ ಲೆಕ್ಕ ಹಾಕುವವನು. ತಿಂಗಳಿಗೊಮ್ಮೆ ಚಂದ್ರ ಉರ್ಕೆರ್ ಬಳಿ ಬರುತ್ತಾನಲ್ಲ, ಆ ದಿನ ಚಂದ್ರ ಹುಟ್ಟಿ ಎಷ್ಟು ದಿನವಾಯಿತು ಎಂದು ಎಣಿಸುತ್ತಿದ್ದ. ಹನ್ನೊಂದು ದಿನದ ಚಂದ್ರನಾದರೆ ಚಳಿಯ ನಟ್ಟನಡು. ಒಂಬತ್ತಾದರೆ ಮರಿಗಳನ್ನು ಇನ್ನೂ ಒಳಗೇ ಇಟ್ಟುಕೊಳ್ಳಬೇಕು. ಐದಕ್ಕೆ ಇಳಿದರೆ ಮಂದೆ ಹೊರಡಬಹುದು. ಸುತ್ತಲಿನ ಹತ್ತು ಗುಡಾರಗಳು ಅವನು ಹೇಳಿದ ದಿನವೇ ಗಂಟು ಕಟ್ಟುತ್ತಿದ್ದವು. ಲೆಕ್ಕ ತಪ್ಪಿದ್ದೂ ಉಂಟು. ತಪ್ಪಿದರೆ ಕೋಲಿನ ಮೇಲೊಂದು ಗೀರು ಹಾಕಿಟ್ಟುಕೊಂಡು ಮುಂದಿನ ವರ್ಷ ತಿದ್ದಿಕೊಳ್ಳುತ್ತಿದ್ದ.

ಜನಕ್ಕೆ ಅಷ್ಟು ಸಾಲುತ್ತಿರಲಿಲ್ಲ. ಕಳೆದ ಕುದುರೆ ಸಿಗುತ್ತದೆಯೇ, ಹುಟ್ಟುವುದು ಗಂಡೋ ಹೆಣ್ಣೋ ಎಂದು ಕೇಳಲು ಬರುತ್ತಿದ್ದರು. "ಹಿಮ ಯಾವಾಗ ಬೀಳುತ್ತೆ ಅನ್ನೋದು ಕೇಳಿ, ಹೇಳ್ತೀನಿ," ಎಂದು ತಾತ ಕಳಿಸಿಬಿಡುತ್ತಿದ್ದ. ಒಂದೇ ಒಂದು ಸಲ ಅವನು ಸೋತ. ಯುದ್ಧದ ಕಾಲ. ಕುಲ್ಪಾಶ್ ಎಂಬಾಕೆ ಮಗನಿಂದ ಕಾಗದವಿಲ್ಲವೆಂದು ಕಾಲು ಹಿಡಿದು ಅತ್ತಳಂತೆ. ಬೇಸಿಗೆಯ ಮೊದಲಲ್ಲಿ ನಲವತ್ತು ದಿನ ಕಣ್ಮರೆಯಾಗುವ ಉರ್ಕೆರ್ ಮತ್ತೆ ಪೂರ್ವದಲ್ಲಿ ಮೂಡಿದಾಗ ನಿನ್ನ ಮಗ ಬರುತ್ತಾನೆ ಎಂದುಬಿಟ್ಟ. ಆ ಸಂಜೆ ಅವಳು ಊಟ ಮಾಡಲಿ ಎಂಬುದಷ್ಟೇ ಅವನ ಆಸೆ. ನಾನು ಹುಟ್ಟಿ ಬುದ್ಧಿ ಬಂದಾಗ ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಆಗಲೂ ಪ್ರತಿ ಬೇಸಿಗೆ ಉರ್ಕೆರ್ ಮೂಡುವ ವಾರ ಕುಲ್ಪಾಶ್ ಬೆಳಗಿನ ಜಾವಕ್ಕೇ ಪೂರ್ವದ ದಿಬ್ಬ ಹತ್ತಿ ಕೂರುತ್ತಿದ್ದಳು. ತಾತ ಅವಳನ್ನು ಕಂಡರೆ ಬಟ್ಟಲು ಕೆಳಗಿಟ್ಟು ಒಳಗೆ ಹೋಗುತ್ತಿದ್ದ. ಅಜ್ಜಿ ಆ ದಿಬ್ಬಕ್ಕೆ ದಿನಾ ಒಂದು ಬಟ್ಟಲು ಬಿಸಿ ಹಾಲು ಕಳಿಸುತ್ತಿದ್ದಳು, ಏನೂ ಹೇಳದೆ.

ನಾನು ಲೆಕ್ಕ ಓದಿದೆ. ಅಲ್ಮಾತಿ ನಗರದ ಮೇಲಿನ ಬೆಟ್ಟದ ವೀಕ್ಷಣಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ರಾತ್ರಿ ದೂರದರ್ಶಕದ ಬಳಿ ನಿಲ್ಲುವವರು ಬೇರೆ. ಅವರು ತೆಗೆದ ಗಾಜಿನ ಫೋಟೋ ಫಲಕಗಳನ್ನು ಹಗಲಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದು ಚುಕ್ಕಿಯ ಜಾಗ ಅಳೆದು ಬರೆಯುವುದು ನನ್ನ ಕೆಲಸ. ಹೊಸದಾಗಿ ಸೇರಿದ ಚಳಿಗಾಲದಲ್ಲಿ ಒಮ್ಮೆ ಕೋಣೆ ಬೆಚ್ಚಗಾದರೆ ಅಳತೆಯ ತಿರುಪೂ ಹಿಗ್ಗುತ್ತದೆ ಎಂಬುದನ್ನು ಮರೆತು ನಲವತ್ತು ಫಲಕ ತಪ್ಪು ಅಳೆದೆ. ಗೊತ್ತಾದ ದಿನ ಎಲ್ಲರೆದುರು ಎದ್ದು ನಿಂತು ಹೇಳಿದೆ. ಯಾರೂ ಬೈಯಲಿಲ್ಲ. ನಮ್ಮ ಮುಖ್ಯಸ್ಥರು ಹಾಲು ಹಾಕಿದ ಚಹಾ ತಂದು ಮೇಜಿನ ಮೇಲಿಟ್ಟು, "ಮೊದಲಿಂದ ಶುರು ಮಾಡಮ್ಮ," ಎಂದರು. ಆ ಇಡೀ ಚಳಿಗಾಲದ ಕೆಲಸವನ್ನು ಮತ್ತೆ ಮಾಡಿದೆ.

ಇಷ್ಟೆಲ್ಲ ಮಾಡಿ ನಿವೃತ್ತಳಾದ ಮೇಲೆ ನಮ್ಮ ಐದಂತಸ್ತಿನ ಕಟ್ಟಡದಲ್ಲಿ ನಾನು ಯಾರು? ನಕ್ಷತ್ರದ ಅಜ್ಜಿ. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈಯಿಟ್ಟುಕೊಂಡು ಮಗನಿಗೆ ಯಾವ ರಾಶಿಯ ಹುಡುಗಿ ಆಗುತ್ತದೆ ಎಂದು ಕೇಳಿದ್ದಾರೆ. ನಾನು ಬಾಯಿ ಮುಚ್ಚುವಂತಿರಲಿಲ್ಲ, ಮಾತಾಡುವಂತೆಯೂ ಇರಲಿಲ್ಲ. ಖಗೋಳ ಬೇರೆ, ಜ್ಯೋತಿಷ್ಯ ಬೇರೆ ಎಂದು ಎಷ್ಟು ಸಲ ಹೇಳಿದ್ದೇನೋ. ಎಲ್ಲರೂ ಮರ್ಯಾದೆಯಿಂದ ತಲೆಯಾಡಿಸಿ, ಆಮೇಲೆ ಹುಟ್ಟಿದ ದಿನಾಂಕ ಹೇಳುತ್ತಾರೆ.

ಎದುರು ಮನೆಯ ಶೊಲ್ಪಾನ್ ಕೂಡ ಅವರಲ್ಲೊಬ್ಬಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಹಿರಿಯಳೆಂದು ನನ್ನನ್ನು ಅಪಾ ಎನ್ನುತ್ತಾಳೆ. ಅವಳ ಹೆಸರಿನ ಅರ್ಥವೇ ಶುಕ್ರ. "ನಂದು ಗ್ರಹದ ಹೆಸರು ಅಪಾ, ನೀವು ನನ್ನ ಮೇಲೆ ಸಿಡುಕೋ ಹಾಗಿಲ್ಲ," ಎನ್ನುತ್ತಾಳೆ. "ಅಲ್ಲಿ ಗಂಧಕದ ಆಮ್ಲದ ಮೋಡ ಇದೆ ಕಣೇ, ಯಾರೂ ಬದುಕಲ್ಲ," ಎಂದರೆ, "ನಮ್ಮತ್ತೇನೂ ಅದೇ ಹೇಳ್ತಿದ್ರು," ಎಂದು ನಗುತ್ತಾಳೆ. ಹಿಮ ಗಟ್ಟಿಯಾದ ದಿನ ನಾನು ಏಳುವ ಮೊದಲೇ ಜಾರದಿರಲೆಂದು ನಮ್ಮ ಮೆಟ್ಟಿಲಿಗೆ ಮರಳು ಬಿದ್ದಿರುತ್ತದೆ. ಬ್ರೆಡ್ಡಿನ ಚೀಲ ಬಾಗಿಲ ಹಿಡಿಗೆ ತೂಗುತ್ತಿರುತ್ತದೆ. ಬಾಗಿಲು ತಟ್ಟಿದರೆ ನಾನು ಎದ್ದು ಬರಬೇಕಾಗುತ್ತದೆ ಎಂದು ತಟ್ಟುವುದಿಲ್ಲ.

ಈ ಸಲ ಜನವರಿಯಲ್ಲಿ ಅವಳ ಕಣ್ಣಿನ ಬಿಳಿ ಹಳದಿಗೆ ತಿರುಗಿತು. ಪಿತ್ತಕೋಶದ ತುಂಬ ಕಲ್ಲು, ಒಂದು ಕಲ್ಲು ನಾಳದ ಬಾಯಿಗೇ ಸಿಕ್ಕಿಕೊಳ್ಳುತ್ತಿದೆ, ಜ್ವರ ಬೇರೆ. ಡಾಕ್ಟರು ಫೆಬ್ರವರಿ ಮೊದಲ ಗುರುವಾರ ಆಪರೇಷನ್ ಎಂದು ಬರೆದುಕೊಟ್ಟರು. ಮುಂದೆ ಹಾಕಿದರೆ ಒಳಗೇ ಒಡೆದು ಜೀವಕ್ಕೆ ಕುತ್ತು ಬರಬಹುದು ಎಂದೂ ಹೇಳಿದರು. ಶೊಲ್ಪಾನ್ ಆಗಲಿ ಎಂದು ಮನೆಗೆ ಬಂದು, ಮಾರ್ಚ್ ಇಪ್ಪತ್ತೆರಡರ ನೌರೀಜ್, ನಮ್ಮ ಹೊಸ ವರ್ಷದ ಹಬ್ಬ, ಕಳೆಯುವವರೆಗೆ ಚಾಕು ಮುಟ್ಟಿಸಿಕೊಳ್ಳುವುದಿಲ್ಲ ಎಂದು ಕೂತಳು.

ಕಾರಣ ಮುಶೆಲ್. ನಮ್ಮಲ್ಲಿ ವರ್ಷಕ್ಕೊಂದು ಪ್ರಾಣಿ, ಒಟ್ಟು ಹನ್ನೆರಡು. ನಾವು ಹುಟ್ಟಿದ ವರ್ಷದ ಪ್ರಾಣಿ ಹನ್ನೆರಡು ವರ್ಷಕ್ಕೊಮ್ಮೆ ತಿರುಗಿ ಬಂದಾಗ ಅದು ಮುಶೆಲ್, ಆ ವರ್ಷ ಕಂಟಕ ಎಂದು ನಂಬಿಕೆ. ಬೇರೆಯವರು ಡ್ರ್ಯಾಗನ್ ಎನ್ನುವ ವರ್ಷವನ್ನು ನಮ್ಮವರು ಬಸವನಹುಳು ಎನ್ನುತ್ತಾರೆ. ನಡೆಯುತ್ತಿದ್ದದ್ದು ಬಸವನಹುಳುವಿನ ವರ್ಷ. ಶೊಲ್ಪಾನ್ ತಾನು ಹುಟ್ಟಿದ್ದೂ ಬಸವನಹುಳುವಿನ ವರ್ಷದಲ್ಲೇ ಎಂದುಕೊಂಡಿದ್ದಳು.

ಆಪರೇಷನ್ ವಾರದ ಸೋಮವಾರ ಅವಳ ಗಂಡ ದೌರೆನ್ ನಮ್ಮ ಮನೆಗೆ ಬಂದ. ಟ್ರಾಲಿಬಸ್ ಓಡಿಸುವವನು, ಮಾತು ಕಮ್ಮಿ. ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ.

"ಅಪಾ, ಒಂದೇ ಒಂದು ಮಾತು ಹೇಳಿ ಸಾಕು. ನಕ್ಷತ್ರ ಎಲ್ಲ ಚೆನ್ನಾಗಿದೆ ಅಂತ."

"ನಕ್ಷತ್ರ ಚೆನ್ನಾಗೇ ಇದೆ ಕಣಪ್ಪ. ನಿನ್ನ ಹೆಂಡತಿ ಪಿತ್ತಕೋಶ ಚೆನ್ನಾಗಿಲ್ಲ."

"ಅದನ್ನ ಡಾಕ್ಟ್ರು ಹೇಳಾಯ್ತು. ಡಾಕ್ಟ್ರ ಮಾತು ಅವಳಿಗೆ ಹಿಡಿಯಲ್ಲ. ನಿಮ್ಮ ಮಾತಾದ್ರೆ ಕೇಳ್ತಾಳೆ. ಮೂವತ್ತೊಂದು ವರ್ಷ ನಕ್ಷತ್ರ ನೋಡಿದ್ದೀರಿ."

"ಅಳೆದಿದ್ದೀನಿ."

"ಅದೇ."

"ಅದೇ ಅಲ್ಲ ದೌರೆನ್."

ಅವನು ಟೊಪ್ಪಿಯನ್ನು ಒಂದು ಸುತ್ತು ತಿರುಗಿಸಿದ. "ಸುಳ್ಳೇ ಇರಲಿ ಅಪಾ. ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಅವಳು ಉಳೀತಾಳಲ್ಲ."

ನನಗೆ ಕೋಪ ಬಂತು. ಬಂದದ್ದು ಅವನ ಮೇಲಲ್ಲ. ಅವನು ಕೇಳುತ್ತಿದ್ದದ್ದು ನ್ಯಾಯವೇ. ಒಂದು ಮಾತು ಹೇಳಿ, ಅವಳು ಹೋಗಿ, ಆಪರೇಷನ್ ಮೇಜಿನ ಮೇಲೆ ಏನಾದರೂ ಹೆಚ್ಚುಕಮ್ಮಿಯಾದರೆ? ಅದಕ್ಕಿಂತ ದೊಡ್ಡದು, ಏನೂ ಆಗದೆ ಹೋದರೆ? ಇನ್ನು ಮೇಲೆ ಹೊಟ್ಟೆನೋವಿಗೆಲ್ಲ ಅವಳು ನನ್ನ ಬಾಗಿಲಿಗೇ ಬರುತ್ತಾಳೆ, ಡಾಕ್ಟರ ಹತ್ತಿರ ಹೋಗುವುದಿಲ್ಲ. ನನಗೆ ಕುಲ್ಪಾಶ್ ಕೂರುತ್ತಿದ್ದ ಆ ದಿಬ್ಬ ನೆನಪಾಯಿತು.

"ಸುಳ್ಳು ಬೇಡ. ನಾನೇ ಮಾತಾಡ್ತೀನಿ," ಎಂದೆ.

ಮಂಗಳವಾರ ಬೆಳಗ್ಗೆ ಹೋದಾಗ ಶೊಲ್ಪಾನ್ ಒಂದು ಕೈಯನ್ನು ಪಕ್ಕೆಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿಟ್ಟಿದ್ದಳು. ಅದರಲ್ಲಿ ಭವಿಷ್ಯ ಹೇಳುವ ಸಾಲಿಹಾ ಎಂಬಾಕೆ ಕೆಂಪು ಶಾಲು ಹೊದ್ದು ಮಾತಾಡುತ್ತಿದ್ದಳು: ಬಸವನಹುಳುವಿನವರೇ, ನೌರೀಜ್ ತನಕ ಮೈಗೆ ಕಬ್ಬಿಣ ಸೋಕಿಸಬೇಡಿ.

"ಇವಳಿಗೆ ಹೇಗೆ ಗೊತ್ತಂತೆ?" ಎಂದೆ.

"ನಕ್ಷತ್ರದಿಂದ."

"ಯಾವ ನಕ್ಷತ್ರ? ಹೆಸರು ಹೇಳಲಿ, ನಾನೂ ಅಳೆದಿರ್ತೀನಿ."

"ನೀವು ಅದರ ಜಾಗ ಅಳೆದ್ರಿ ಅಪಾ. ಅದು ಏನು ಹೇಳುತ್ತೆ ಅಂತ ನೀವು ಕೇಳಲಿಲ್ಲ."

"ಅದಕ್ಕೆ ಬಾಯಿಲ್ಲ ಕಣೇ. ಉರಿಯೋ ಅನಿಲ ಅದು. ಇವತ್ತು ನಮಗೆ ಕಾಣೋ ಬೆಳಕು ಅಲ್ಲಿಂದ ಹೊರಟಾಗ ನಿನ್ನ ಮುತ್ತಜ್ಜಿಯ ಮುತ್ತಜ್ಜಿ ಹುಟ್ಟಿರಲಿಲ್ಲ. ನಿನ್ನ ಹೊಟ್ಟೇಲಿ ಕಲ್ಲಿದೆ ಅಂತ ಅದಕ್ಕೆ ಯಾರು ಹೇಳಿದ್ರು?"

ಒಂದು ಗಂಟೆ ಹೀಗೇ ನಡೆಯಿತು. ನಾನು ಹೇಳಿದ್ದಕ್ಕೆಲ್ಲ ಅವಳು ತಲೆಯಾಡಿಸಿದಳು, ನನ್ನ ಬಟ್ಟಲಿಗೆ ಎರಡು ಸಲ ಚಹಾ ಬಗ್ಗಿಸಿದಳು, ಬಿಸಿ ಬೌರ್ಸಾಕ್ ವಡೆಗಳಲ್ಲಿ ಮೆತ್ತಗಿರುವುದನ್ನೇ ಆರಿಸಿ ನನ್ನ ಹಲ್ಲಿಗಾಗಿ ಇಟ್ಟಳು. ಮನಸ್ಸು ಮಾತ್ರ ಬದಲಿಸಲಿಲ್ಲ. ಸಾಕಾಗಿಹೋಗಿ ನಾನು ಮಾಡಬಾರದ ಕೆಲಸಕ್ಕೆ ಇಳಿದೆ.

"ನೀನು ಹುಟ್ಟಿದ್ದು ಫೆಬ್ರವರಿ ಅಲ್ವಾ?"

"ಹೂಂ. ಹೋದ ಸಲ ನೀವೇ ಉಣ್ಣೆ ಕಾಲುಚೀಲ ಕೊಟ್ರಿ."

"ನಮ್ಮ ಹಳೇ ಲೆಕ್ಕದಲ್ಲಿ ವರ್ಷ ಶುರುವಾಗೋದು ಜನವರಿಗಲ್ಲ, ನೌರೀಜ್‌ಗೆ. ನೀನು ಹುಟ್ಟಿದಾಗ ಬಸವನಹುಳು ಇನ್ನೂ ಬಂದಿರಲೇ ಇಲ್ಲ. ಅದರ ಹಿಂದಿನದು ನಡೀತಿತ್ತು. ನೀನು ಮೊಲ. ನಿನ್ನ ಮುಶೆಲ್ ಹೋದ ವರ್ಷ ಮಾರ್ಚಿಗೇ ಮುಗಿದುಹೋಯ್ತು. ನೀನು ಗಮನಿಸಲೂ ಇಲ್ಲ."

ಅವಳು ಹಿಟ್ಟು ಮೆತ್ತಿದ ಬೆರಳುಗಳನ್ನು ಮಡಿಸಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮುಖ ಅರಳಿತು. "ಅಯ್ಯೋ, ಹೌದಲ್ಲ ಅಪಾ. ಮೊಲ ನಾನು."

ಆ ಲೆಕ್ಕ ಸರಿಯಾಗಿತ್ತು. ಸುಳ್ಳಲ್ಲ. ಆದರೂ ಮೆಟ್ಟಿಲು ದಾಟಿ ನಮ್ಮ ಮನೆ ಸೇರುವಷ್ಟರಲ್ಲಿ ಬಾಯಿ ಕಹಿಯಾಗಿತ್ತು. ಕಲ್ಲಿಗೆ ಮೊಲವೇನು, ಬಸವನಹುಳುವೇನು. ಮೂವತ್ತೊಂದು ವರ್ಷದ ಕೆಲಸಕ್ಕೆ ಸಿಗದ ಗೆಲುವು ಒಂದು ಮೊಲಕ್ಕೆ ಸಿಕ್ಕಿತ್ತು.

ಅದೂ ಸಂಜೆಯವರೆಗೆ ಮಾತ್ರ. ಸಂಜೆ ಶೊಲ್ಪಾನ್ ಫೋನು ಹಿಡಿದು ಬಂದಳು, ಮುಖ ಬಾಡಿತ್ತು. ತಾನು ಮೊಲ ಎಂದು ಸಾಲಿಹಾಗೆ ಬರೆದು ಕೇಳಿದ್ದಳಂತೆ. ಉತ್ತರ ತಕ್ಷಣ ಬಂದಿತ್ತು: ಮೊಲದವರಿಗೆ ಇನ್ನೂ ಕಷ್ಟ. ಮುಗಿದ ಮುಶೆಲ್‌ನ ಬಾಲ ಒಂದು ವರ್ಷ ಎಳೆಯುತ್ತದೆ. ನೌರೀಜ್ ತನಕ ಕಬ್ಬಿಣ ಬೇಡ.

ನಾನು ಕುರ್ಚಿಯಲ್ಲಿ ಕೂತೆ. ಕೂಗಾಡುವ ಸ್ವಭಾವ ನನ್ನದಲ್ಲ, ಆದರೆ ಅವತ್ತು ಯಾವುದಾದರೂ ಬಟ್ಟಲು ಎತ್ತಿ ಗೋಡೆಗೆ ಹೊಡೆಯಬೇಕು ಎನ್ನಿಸಿತು. ನಮ್ಮಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿದರೆ ಇಡೀ ಚಳಿಗಾಲ ಮತ್ತೆ ಅಳೆಯಬೇಕು. ತಾತನ ಕೋಲಿನ ಮೇಲೂ ಗೀರುಗಳಿದ್ದವು. ಈಕೆಗೆ ಗೀರೇ ಇಲ್ಲ. ಬಸವನಹುಳು ಹೋದರೆ ಮೊಲ, ಮೊಲ ಹೋದರೆ ಅದರ ಬಾಲ. ಶೊಲ್ಪಾನ್ ಸತ್ತರೆ ನಾನು ಮೊದಲೇ ಹೇಳಿದ್ದೆ ಎನ್ನುತ್ತಾಳೆ, ಬದುಕಿದರೆ ನನ್ನ ಮಾತು ಕೇಳಿದ್ದಕ್ಕೆ ಎನ್ನುತ್ತಾಳೆ.

"ಇವಳು ಎಂದಾದ್ರೂ ತಪ್ಪಾಯ್ತು ಅಂದಿದ್ದಾಳಾ?" ಎಂದು ಕೇಳಿದೆ.

ಶೊಲ್ಪಾನ್ ಯೋಚಿಸಿದಳು. "ಇಲ್ಲ."

"ಒಂದು ಸಲಾನೂ?"

"ಅದಕ್ಕೇ ಅಲ್ವಾ ಅಪಾ ನಂಬೋದು," ಎಂದಳು ಪಾಪ, ತುಂಬ ಮೆಲ್ಲಗೆ.

ನಾನು ಎದ್ದು ಚಹಾಕ್ಕೆ ನೀರಿಟ್ಟೆ.

ಬುಧವಾರ ಮಧ್ಯಾಹ್ನ ಮೆಟ್ಟಿಲ ಬಳಿ ದನಿ ಏರಿತು. ಬಾಗಿಲು ತೆರೆದು ನೋಡಿದೆ. ದೌರೆನ್‌ನ ತಂಗಿ ಕಾಮ್ಶಾತ್ ಒಂದು ಕಾಲಿಗೆ ಬೂಟು ಹಾಕಿಕೊಂಡು ಗೋಡೆ ಹಿಡಿದು ನಿಂತಿದ್ದಳು. ಶೊಲ್ಪಾನ್ ತನ್ನ ಕಡು ಹಸಿರು ಕೋಟನ್ನು, ಕೊರಳಿಗೆ ನರಿಯ ತುಪ್ಪಳವಿರುವುದನ್ನು, ಮಗನ ಮದುವೆಗೆ ಹೊಲಿಸಿದ್ದನ್ನು, ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು. ಮುಶೆಲ್ ವರ್ಷದಲ್ಲಿ ಮೈಗೆ ಹತ್ತಿರವಾದ ಒಂದು ಬಟ್ಟೆಯನ್ನು ಯಾರಿಗಾದರೂ ಕೊಡುವುದು ವಾಡಿಕೆ. ಕಂಟಕ ಬಟ್ಟೆಯ ಜೊತೆ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪಡೆಯುವವರು ಯೋಚಿಸುತ್ತಾರೆ.

"ಬೇರೆ ಏನಾದ್ರೂ ಕೇಳಿ ಅತ್ತಿಗೆ," ಎನ್ನುತ್ತಿದ್ದಳು ಕಾಮ್ಶಾತ್. "ರಕ್ತ ಕೊಡಲಾ, ಕೊಡ್ತೀನಿ. ಮನೆಗೆ ಬಂದು ಅಡುಗೆ ಮಾಡಲಾ, ಮಾಡ್ತೀನಿ. ಕೋಟು ಮಾತ್ರ ಬೇಡ. ನನಗೂ ಮೂರು ಮಕ್ಕಳಿವೆ."

"ನಿನಗೆ ಇದು ಇಷ್ಟ ಅಂತಿದ್ದೆ."

"ಇಷ್ಟಾನೇ. ಅದಕ್ಕೇ ಅಳು ಬರ್ತಿದೆ." ಅವಳು ಎರಡನೇ ಬೂಟನ್ನು ಕೈಯಲ್ಲೇ ಹಿಡಿದು ಇಳಿದುಹೋದಳು.

ಶೊಲ್ಪಾನ್ ಮೆಟ್ಟಿಲ ಮೇಲೆ ಕುಸಿದಳು. ನಾನು ಪಕ್ಕದಲ್ಲಿ ಕೂತೆ. ಕೋಟಿನಿಂದ ಕಾದ ಎಣ್ಣೆಯ, ಈರುಳ್ಳಿಯ ವಾಸನೆ ಬರುತ್ತಿತ್ತು.

"ನಮ್ಮಮ್ಮ ಹೋದಾಗ ಅವಳಿಗೂ ಈಗ ನನಗಿರೋಷ್ಟೇ ವಯಸ್ಸು," ಎಂದಳು. "ಹೊಟ್ಟೆ ಆಪರೇಷನ್ ಅಂತ ಒಳಗೆ ಕರ್ಕೊಂಡು ಹೋದ್ರು. ನಾನು ಹೊರಗೆ ಅವಳ ಚಪ್ಪಲಿ ಹಿಡ್ಕೊಂಡು ಕೂತಿದ್ದೆ. ಆಮೇಲೆ ಬಂದು ಚಪ್ಪಲಿ ಮನೆಗೆ ತಗೊಂಡು ಹೋಗಮ್ಮ ಅಂದ್ರು."

ಹದಿನೆಂಟು ವರ್ಷದಿಂದ ಎದುರು ಮನೆ. ಇದನ್ನು ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಎರಡು ದಿನದಿಂದ ನಾನು ಬಸವನಹುಳುವಿನ ಜೊತೆ ಜಗಳವಾಡುತ್ತಿದ್ದೆ.

"ಕೋಟು ಇಲ್ಲಿ ಕೊಡು," ಎಂದೆ.

"ನಿಮಗಾ?"

"ಯಾಕೆ, ನನಗೆ ಒಪ್ಪಲ್ವಾ?"

"ಹಾಗಲ್ಲ. ನಿಮಗೆ ಭಯ ಇಲ್ವಾ?"

"ತೋಳು ಬಿಗಿಯಾಗುತ್ತೇನೋ ಅಂತ ಭಯ."

"ತಮಾಷೆ ಬೇಡ ಅಪಾ. ನಿಮಗೇನಾದ್ರೂ ಆದ್ರೆ?"

"ನನಗೆ ಎಪ್ಪತ್ತೈದು. ಏನಾದ್ರೂ ಆಗೇ ಆಗುತ್ತೆ. ಆಗ ನಿನ್ನ ಕೋಟಿನ ಮೇಲೆ ತಪ್ಪು ಹಾಕಬೇಡ. ಇದು ಕೋಟು ಕಣೇ. ಉಣ್ಣೆ, ಅಸ್ತರಿ, ಆರು ಗುಂಡಿ."

ತೋಳು ಬಿಗಿಯೇ ಆಯಿತು. ಅವಳೇ ಎದ್ದು ನಿಂತು ಗುಂಡಿ ಹಾಕಿದಳು. ಮೂರನೆಯ ಗುಂಡಿ ಹೊಟ್ಟೆಯ ಮೇಲೆ ಕೂಡಲಿಲ್ಲ, ಬಿಟ್ಟಳು. ಇಲ್ಲೂ ನಾನು ಸೋತೆ ಎಂದೇ ಅನ್ನಿಸಿತು. ಅಷ್ಟು ಓದಿ, ಅಷ್ಟು ಅಳೆದು, ಕೊನೆಗೆ ಮೆಟ್ಟಿಲ ಮೇಲೆ ಮುಶೆಲ್‌ನ ಕೋಟು ತೊಟ್ಟು ನಿಂತಿದ್ದೆ. ಆದರೆ ನಂಬದವಳಾದ್ದರಿಂದಲೇ ಅದನ್ನು ತೊಡಲು ನನಗೆ ಏನೂ ಕಷ್ಟವಾಗಲಿಲ್ಲ. ನಮ್ಮ ಹಿರಿಯರು ಮಾಡುವಂತೆ ಅಂಗೈ ಮೇಲೆತ್ತಿ ಹರಸಿದೆ: ಮೈ ಹಗುರಾಗಲಿ, ಮನೆಗೆ ಬಾ, ನಿನ್ನ ಒಲೆ ಆರದಿರಲಿ.

"ಈಗ ಹೇಳಿ," ಎಂದಳು. "ನಾಳೆ ಏನಾಗುತ್ತೆ?"

ನಾಲಿಗೆಯ ತುದಿಗೆ ಬಂದಿತ್ತು. ಎಲ್ಲಾ ಚೆನ್ನಾಗಾಗುತ್ತೆ, ನಕ್ಷತ್ರ ಹೇಳ್ತಿದೆ. ಅಷ್ಟಂದರೆ ಅವಳು ಆ ಸಂಜೆ ನೆಮ್ಮದಿಯಾಗಿರುತ್ತಿದ್ದಳು.

"ನಾಳೆ ಸಂಜೆ ಚಂದ್ರ ಉರ್ಕೆರ್ ಪಕ್ಕ ಇರ್ತಾನೆ," ಎಂದೆ. "ಎಷ್ಟು ಗಂಟೆಗೆ, ಎಷ್ಟು ದೂರ, ಅದೆಲ್ಲ ಬರೆದು ಕೊಡ್ತೀನಿ, ತಪ್ಪಲ್ಲ. ನಿನ್ನ ವಿಷಯ ನನಗೆ ಗೊತ್ತಿಲ್ಲ ಶೊಲ್ಪಾನ್. ಡಾಕ್ಟ್ರಿಗೆ ನನಗಿಂತ ಜಾಸ್ತಿ ಗೊತ್ತು. ಅವರಿಗೂ ಪೂರ್ತಿ ಗೊತ್ತಿಲ್ಲ. ಮುಂದೆ ಹಾಕಿದ್ರೆ ಕೆಡುತ್ತೆ ಅನ್ನೋದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತು. ನೀನು ಒಳಗೆ ಹೋದ್ರೆ ನಾನು ಹೊರಗೆ ಕೂತಿರ್ತೀನಿ. ಈ ಕೋಟು ಹಾಕ್ಕೊಂಡೇ."

ಅವಳು ಕೋಟಿನ ತೋಳಿನ ಸುಕ್ಕು ನೇವರಿಸಿದಳು.

"ಒಂದು ಸುಳ್ಳಾದ್ರೂ ಹೇಳಬಹುದಿತ್ತು."

"ಹೇಳಬಹುದಿತ್ತು."

"ದೌರೆನ್ ನಾಳೆ ಬೆಳಗ್ಗೆ ಏಳಕ್ಕೆ ಕಾರು ಹೇಳಿದ್ದಾನೆ," ಎಂದಳು ಎದ್ದು. "ಕಾರಿನವನಿಗೆ ಇನ್ನೂ ಬೇಡ ಅಂದಿಲ್ಲ ಅವನು."

ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಸಿ ನೀರಿನ ಕೊಳವೆಗಳು ಕಾದು ಬೆವರು ಕಿತ್ತುಬರುತ್ತಿತ್ತು. ಗಾಲಿಮಂಚ ತಿರುಗುವಾಗ ಶೊಲ್ಪಾನ್ ತಲೆಯೆತ್ತಿ ನನ್ನತ್ತ ನೋಡಿದಳು. ನಾನು ಕೊರಳಿನ ತುಪ್ಪಳವನ್ನು ಇನ್ನಷ್ಟು ಬಿಗಿಮಾಡಿಕೊಂಡೆ. ಬಾಗಿಲು ಮುಚ್ಚಿತು. ಕೋಟು ತೆಗೆಯಬಹುದಿತ್ತು, ತೆಗೆಯಲಿಲ್ಲ. ಅವಳ ಚಪ್ಪಲಿಗಳನ್ನು ದೌರೆನ್ ಕೈಯಲ್ಲಿ ಹಿಡಿದಿದ್ದ. ನಾನು ಮೆಲ್ಲನೆ ತೆಗೆದುಕೊಂಡು ಬೆಂಚಿನ ಕೆಳಗೆ, ಅವಳು ಬಂದು ಕಾಲು ಹಾಕುವ ಹಾಗೆ ಜೋಡಿಸಿಟ್ಟೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತಿಗೆ ನನ್ನ ಕಡೆ ವಾಲಿದಳು. "ನೀವು ಬೆಟ್ಟದ ವೀಕ್ಷಣಾಲಯದವರಂತೆ. ಇವರು ಹೇಳಿದ್ರು. ನನ್ನ ಮಗಳು ತುಲಾ, ಅಳಿಯ ವೃಷಭ. ದಿನಾ ಜಗಳ."

"ತಕ್ಕಡಿ ಅಂದ್ರೆ ನನಗೆ ಗೊತ್ತಿರೋದು ಮಾಂಸದಂಗಡಿದು ತಾಯಿ," ಎಂದೆ. "ಅದೂ ಸರಿಯಾಗಿ ತೂಗಲ್ಲ."

ಅವಳು ನಕ್ಕಳು. ನಾನು ನಗಲಿಲ್ಲ. ಗೋಡೆ ಗಡಿಯಾರದ ಮುಳ್ಳು ನೋಡುತ್ತ ಕೂತೆ. ಚಂದ್ರ ಎಲ್ಲಿದ್ದಾನೆ ಎಂದು ಆ ಕ್ಷಣ ಕೇಳಿದ್ದರೂ ಹೇಳುತ್ತಿದ್ದೆ. ಆ ಬಾಗಿಲಿನಾಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಏನಾಗುತ್ತಿದೆ ಎಂಬುದು ಗೊತ್ತಿರಲಿಲ್ಲ. ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ, ಯಾರ ಮೇಲೆ ಎಂದೂ ಗೊತ್ತಾಗಲಿಲ್ಲ.

ಹನ್ನೊಂದು ದಾಟಿದ ಮೇಲೆ ಡಾಕ್ಟರು ಬಂದರು, ಚಿಕ್ಕ ವಯಸ್ಸಿನ ಹುಡುಗಿ. ಕೈಯಲ್ಲಿ ಸಣ್ಣ ಗಾಜಿನ ಸೀಸೆ, ಅದರಲ್ಲಿ ಜರ್ದಾಳಿನ ಬೀಜದಷ್ಟು ದಪ್ಪದ ಕಲ್ಲುಗಳು. "ಇನ್ನೊಂದು ವಾರ ಬಿಟ್ಟಿದ್ರೆ ಒಡೀತಿತ್ತು. ಈಗ ಪರವಾಗಿಲ್ಲ, ಎಚ್ಚರ ಆಗ್ತಿದ್ದಾರೆ," ಎಂದರು. ಆಮೇಲೆ ನನ್ನನ್ನು ನೋಡಿ, "ಹಸಿರು ಕೋಟು ನೀವೇನಾ? ಇನ್ನೂ ಹಾಕ್ಕೊಂಡಿದ್ದಾರಾ ಅಂತ ಕೇಳ್ತಿದ್ದಾರೆ."

"ಹಾಕ್ಕೊಂಡಿದ್ದಾರೆ ಅಂತ ಹೇಳಿ," ಎಂದೆ.

ದೌರೆನ್ ಗೋಡೆಯ ಕಡೆ ತಿರುಗಿ ನಿಂತು ಟೊಪ್ಪಿಯಿಂದ ಮುಖ ಒರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಏನೋ ನೆನಪಾದವನಂತೆ ಬಗ್ಗಿ, ಬೆಂಚಿನ ಕೆಳಗಿದ್ದ ತನ್ನ ಚೀಲ ತೆರೆದ. ಟವಲಿನಲ್ಲಿ ಬಿಗಿಯಾಗಿ ಸುತ್ತಿದ್ದ ಅಗಲ ಬಾಯಿಯ ಥರ್ಮಾಸನ್ನೂ ಒಂದು ಚಮಚವನ್ನೂ ತೆಗೆದ.

"ಬೆಳಗ್ಗೇನೇ ಕೊಡಬೇಕಿತ್ತು ಅಪಾ, ಮರೆತುಬಿಟ್ಟೆ," ಎಂದ. "ನಿನ್ನೆ ಸಂಜೆ ಕೂತ್ಕೊಂಡೇ ಶ್ಯಾವಿಗೆ ಕೊಯ್ದಳು. ಅವಳು ತಿನ್ನೋ ಹಾಗಿರಲಿಲ್ಲ. ನೀವು ಏನೂ ತಿನ್ನದೆ ಬರ್ತೀರಿ ಅಂದಳು."

ಮುಚ್ಚಳ ತಿರುಗಿಸಿ ತೆಗೆದು, ಕುರಿಮಾಂಸದ ಸಾರಿನಲ್ಲಿ ಬೆಂದ ಆ ಶ್ಯಾವಿಗೆಯ ಕೆಸ್ಪೆಯನ್ನು ಹಬೆಯಾಡುತ್ತಿರುವಂತೆಯೇ ನನ್ನ ಕೈಗೆ ಕೊಟ್ಟ. ಕೋಟಿನ ಮೇಲೆ ಚೆಲ್ಲದಿರಲಿ ಎಂದು ಟವಲನ್ನು ಬಿಡಿಸಿ ನನ್ನ ಮಡಿಲ ಮೇಲೆ ಹಾಸಿದ.